ನೀಲಿ ಪಾಟಿಯ ಫೋಟೋ

ಮಕ್ಕಳನ್ನು ಕಕ್ಕ-ಉಚ್ಚೆಗೆ ಕೂರಿಸುವ ಪುಟ್ಟ ಪಾಟಿಯ ವಿಷಯಕ್ಕೆ ಕಳೆದ ಶನಿವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಗುಡ್ ಮಾರ್ನಿಂಗ್ ಹೂಗಳನ್ನೂ ಮಕ್ಕಳ ಹೆಸರನ್ನೂ ತೆಗೆದಿದ್ದೇನೆ. ಪುಟ್ಟಿಗೆ 4 ವರ್ಷ, ಪುಟ್ಟನಿಗೆ ಎರಡೂಕಾಲು. ಅಮ್ಮ ಒಂದು ತಿಂಗಳು ಇರುತ್ತೇನೆ ಅಂತ ಊರಿನಿಂದ ನಮ್ಮ ಫ್ಲಾಟಿಗೆ ಬಂದಿದ್ದಾಳೆ. ಹಾಗಾಗಿ ಈ ಜಗಳದ ಅರ್ಧ ನಡೆದದ್ದು ನಮ್ಮ ಹಾಲಿಗೂ ಅಡುಗೆಮನೆಗೂ ಮಧ್ಯೆ. ಫೋನಿನಲ್ಲೇ!

ಅಮ್ಮ: (ಫೋಟೋ: ಪುಟ್ಟ ನೀಲಿ ಪಾಟಿಯ ಮೇಲೆ, ಕೈಯಲ್ಲಿ ಆಟದ ಜೆಸಿಬಿ) ನಮ್ಮ ರಾಜ ಇವತ್ತು ತಾನೇ ಕೇಳಿ ಕೂತ. ಕಕ್ಕವೂ ಆಯಿತು. ಅಕ್ಕನನ್ನು ಸೋಲಿಸಿಬಿಟ್ಟ!

ಚಿಕ್ಕಮ್ಮ: ಜಾಣ ಮರಿ! ದೃಷ್ಟಿ ತೆಗೆಯಿರಿ ಅಕ್ಕ.

ಅತ್ತೆ (ನನ್ನ ಸೋದರತ್ತೆ): ಇನ್ನು ಡೈಪರ್ ದುಡ್ಡು ಉಳಿಯಿತು. ಅದರಲ್ಲಿ ನಮಗೊಂದು ಊಟ ಹಾಕಿಸಿ.

ನಾನು: ಅಮ್ಮ, ಆ ಫೋಟೋ ತೆಗೆಯಮ್ಮ. ಕೆಳಗೆ ಬರೆದದ್ದನ್ನೂ.

ಅಮ್ಮ: ಯಾಕೆ? ಇರುವವರೆಲ್ಲ ಮನೆಯವರೇ ಅಲ್ವಾ?

ನಾನು: ಮನೆಯವರು 31 ಜನ. ಅದರಲ್ಲಿ ಮೂರು ನಂಬರ್ ಯಾರದ್ದು ಅಂತ ನನಗೇ ಗೊತ್ತಿಲ್ಲ. ಅದಿರಲಿ. ನೀನು ಗಟ್ಟಿಯಾಗಿ ಓದಿಕೊಳ್ಳುತ್ತಾ ಟೈಪ್ ಮಾಡಿದೆ. ಪುಟ್ಟಿ ಪಕ್ಕದಲ್ಲೇ ಇದ್ದಳು. ಈಗ ಕರ್ಟನ್ ಹಿಂದೆ ನಿಂತಿದ್ದಾಳೆ. ಚಡ್ಡಿ ಒದ್ದೆ.

ಚಿಕ್ಕಮ್ಮ: ಅವಳಿಗೆ ಎರಡೂವರೆಗೇ ಎಲ್ಲ ರೂಢಿಯಾಗಿತ್ತಲ್ಲೇ?

ನಾನು: ಆಗಿತ್ತು ಚಿಕ್ಕಮ್ಮ. ವರ್ಷದ ಮೇಲೆ ಹಗಲು ಹೊತ್ತು ಒಂದು ಹನಿ ಹೊರಗೆ ಬಿದ್ದಿರಲಿಲ್ಲ. ಇವನಿಗೆ ಪಾಟಿ ತಂದು, ಕೂತಾಗಲೆಲ್ಲ ಮನೆಮಂದಿ ಚಪ್ಪಾಳೆ ತಟ್ಟಲು ಶುರು ಮಾಡಿದೆವು ನೋಡಿ, ಆಗಿನಿಂದ ಹೀಗೆ. ಒಂದು ದಿನ ಅವನ ಪಾಟಿಯ ಮೇಲೆ ತಾನೇ ಹೋಗಿ ಕೂತು "ನನಗೂ ಚಪ್ಪಾಳೆ ಹೊಡೀರಿ" ಅಂದಳು. ಯಾರೋ ನಕ್ಕರು. ಯಾರು ಅಂತ ಹೇಳುವುದಿಲ್ಲ.

ಯಜಮಾನರು: ನಾನೇ. ತಪ್ಪಾಯಿತು.

ಅತ್ತೆ: ಬೇಕಂತಲೇ ಮಾಡುತ್ತಾಳೆ. ಒಂದು ಸಲ ಗದರಿದರೆ ಸರಿಹೋಗುತ್ತದೆ.

ಅಣ್ಣ: ಗದರಿದರೆ ಜಾಸ್ತಿ ಆಗುತ್ತದೆ ಅತ್ತೆ. ತಮ್ಮನೋ ತಂಗಿಯೋ ಬಂದಾಗ, ಮನೆ ಬದಲಾದಾಗ, ಕಲಿತ ಮಗುವೂ ಮರೆತ ಹಾಗೆ ಆಡುತ್ತದೆ. ಅದು ಹಟವಲ್ಲ.

ಅಮ್ಮ: ನಿಮ್ಮಿಬ್ಬರಿಗೂ ಒಂದು ವರ್ಷಕ್ಕೇ ರೂಢಿ ಮಾಡಿಸಿದ್ದೆ. ಯಾವ ಪಾಟಿ ಇತ್ತು ಆಗ? ಕಾಲು ಚಾಚಿ ಕೂತು, ಪಾದದ ಮೇಲೆ ಕೂರಿಸಿಕೊಂಡು "ಸ್ಸ್ ಸ್ಸ್" ಅಂದರೆ ಮುಗಿಯಿತು. ಹಳೇ ಸೀರೆ ಹರಿದು ಲಂಗೋಟಿ ಕಟ್ಟುತ್ತಿದ್ದೆವು. ನೀವು ಎರಡು ವರ್ಷ ಡೈಪರ್ ಹಾಕಿ ಮಕ್ಕಳನ್ನು ಸೋಮಾರಿ ಮಾಡಿದಿರಿ.

ಅಣ್ಣ: ರೂಢಿಯಾದದ್ದು ನಮಗಲ್ಲಮ್ಮ, ನಿನಗೆ. ನಮ್ಮ ಮುಖ ನೋಡಿ ನೀನು ಎತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದೆ. ನೀನಿಲ್ಲದಿದ್ದರೆ ಅಜ್ಜಿ, ಅಜ್ಜಿ ಇಲ್ಲದಿದ್ದರೆ ಅತ್ತೆ. ಇಲ್ಲಿ ತಂಗಿ, ಅವಳ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ ಹೇಳುವ ಪ್ರಕಾರ, ಸಾಮಾನ್ಯವಾಗಿ 18ರಿಂದ 24 ತಿಂಗಳ ಮಧ್ಯೆ ಮಗು ಸಿದ್ಧವಾಗಿರುವ ಲಕ್ಷಣ ಕಾಣಲು ಶುರುವಾಗುತ್ತದೆ. ಹಗಲು ಎರಡು ಗಂಟೆ ಚಡ್ಡಿ ಒದ್ದೆಯಾಗದೆ ಇರುವುದು, ಒದ್ದೆಯಾದರೆ ತಾನೇ ಬಂದು ಹೇಳುವುದು, ಹೀಗೆ.

ಅತ್ತೆ: ಅಮೆರಿಕದವರು ಬಂದು ನಮ್ಮ ನೆಲ ಒರೆಸುತ್ತಾರಾ?

ಯಜಮಾನರು: ಇಲ್ಲ ಅತ್ತೆ, ನಾನು ಒರೆಸುತ್ತೇನೆ. ಇವತ್ತು ನಾಲ್ಕು ಸಲ ಆಯಿತು.

ನಾನು: ಇನ್ನೊಂದು ಹೇಳಿರಲಿಲ್ಲ. ಗುರುವಾರ ಪುಟ್ಟಿಯನ್ನು ಡಾಕ್ಟರಿಗೆ ತೋರಿಸಿದೆವು. ಎರಡು ವಾರದಿಂದ ತುದಿಗಾಲಲ್ಲಿ ನಿಂತು, ಕಾಲು ಹೆಣೆದುಕೊಂಡು, ಬೀರುವಿನ ಹಿಡಿಕೆ ಹಿಡಿದು ಮುಖ ಕೆಂಪಗೆ ಮಾಡುತ್ತಿದ್ದಳು. ತಿಣುಕುತ್ತಿದ್ದಾಳೆ ಅಂದುಕೊಂಡಿದ್ದೆ. ತಡೆದುಕೊಳ್ಳುತ್ತಿದ್ದಳಂತೆ! ಒಂದು ಸಲ ಕಕ್ಕ ಗಟ್ಟಿಯಾಗಿ ನೋವಾಗಿದೆ, ಅದಕ್ಕೇ ಹೆದರಿಕೆ. ಒಳಗೆ ಕಟ್ಟಿಕೊಂಡದ್ದು ಉಚ್ಚೆಯ ಚೀಲವನ್ನು ಒತ್ತುತ್ತದೆ, ಚಡ್ಡಿ ಒದ್ದೆಯಾಗಲು ಅದೂ ಒಂದು ಕಾರಣ ಅಂದರು.

ಚಿಕ್ಕಮ್ಮ: ಅಯ್ಯೋ ಪಾಪ. ಒಣದ್ರಾಕ್ಷಿ ರಾತ್ರಿ ನೆನೆಸಿ ಬೆಳಿಗ್ಗೆ ಕೊಡು.

ಅತ್ತೆ: ಹರಳೆಣ್ಣೆ ಕುಡಿಸು. ಒಂದೇ ದಿನಕ್ಕೆ ಎಲ್ಲ ಸಾಫ್.

ನಾನು: ಹರಳೆಣ್ಣೆ ಬೇಡ ಅತ್ತೆ, ಸಿರಪ್ ಕೊಟ್ಟಿದ್ದಾರೆ. ತಿಂಡಿ ಆದ ಸ್ವಲ್ಪ ಹೊತ್ತಿಗೆ ಐದು ನಿಮಿಷ ಕೂರಿಸಿ ಅಂದರು. ಹೊಟ್ಟೆಗೆ ಏನಾದರೂ ಬಿದ್ದರೆ ಕರುಳು ತಾನೇ ಕೆಲಸ ಶುರು ಮಾಡುತ್ತದಂತೆ. ಕಮೋಡ್ ಮೇಲೆ ಅವಳ ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು. ಈಗ ಪಾದ ಊರಲು ಬಚ್ಚಲಿನ ಸ್ಟೂಲ್ ಇಟ್ಟಿದ್ದೇವೆ. ಮಂಡಿ ಮೇಲೆ ಬಂದರೆ ಸಲೀಸು.

ಅಮ್ಮ: ಕುಕ್ಕರಗಾಲು! ನಾನು ಪಾದದ ಮೇಲೆ ಕೂರಿಸುತ್ತಿದ್ದದ್ದೂ ಅದೇ ಅಲ್ವಾ? ಅದಕ್ಕೆ ಡಾಕ್ಟರಿಗೆ ಫೀಸು ಬೇರೆ.

ನಾನು: ಅದರಲ್ಲಿ ನೀನೇ ಸರಿ ಅಮ್ಮ. ಸೋಲಿಸಿಬಿಟ್ಟ ಅಂದದ್ದು ಸರಿಯಲ್ಲ. ಫೋಟೋ ಇನ್ನೂ ಇದೆ.

ಚಿಕ್ಕಮ್ಮ: ರಾತ್ರಿ ಹೇಗೆ?

ನಾನು: ರಾತ್ರಿ ಇಬ್ಬರಿಗೂ ಡೈಪರ್.

ಅಮ್ಮ: 4 ವರ್ಷದವಳಿಗೂ!

ಅಣ್ಣ: ರಾತ್ರಿಯದು ಬೇರೆ ಲೆಕ್ಕ. ಕಲಿಸಿ ಬರುವುದಲ್ಲ. ಐದು ವರ್ಷದವರೆಗೆ ಡಾಕ್ಟರುಗಳೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಮೇಲೂ ಎಷ್ಟೋ ಮಕ್ಕಳಿಗೆ ಇರುತ್ತದೆ.

ಅತ್ತೆ: ನಿನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ ಮಾರಾಯ! ಅತ್ತಿಗೆ, ಒಂದು ವರ್ಷಕ್ಕೇ ಎಲ್ಲ ಮುಗಿಯಿತು ಅಂದಿರಲ್ಲ, ನಿಮ್ಮ ಮಗ ಎರಡನೇ ಕ್ಲಾಸಿನವರೆಗೂ ಹಾಸಿಗೆ ಒದ್ದೆ ಮಾಡುತ್ತಿದ್ದ. ಮಳೆಗಾಲದಲ್ಲಿ ಆ ಹಾಸಿಗೆಯನ್ನು ಬಚ್ಚಲೊಲೆ ಪಕ್ಕ ಒಣಗಿಸಿದವಳು ನಾನು.

ಅಣ್ಣ: ಅತ್ತೆ!! ಈ ಗುಂಪಿನಲ್ಲಿ ನನ್ನ ಹೆಂಡತಿ ಇದ್ದಾಳೆ.

ಅತ್ತಿಗೆ: ಓದುತ್ತಿದ್ದೇನೆ.

ಅಣ್ಣ: ದಯವಿಟ್ಟು ಡಿಲೀಟ್ ಮಾಡಿ ಅತ್ತೆ.

ನಾನು: ನೋಡಮ್ಮ. ನಲವತ್ತು ದಾಟಿದವನಿಗೇ ಹೀಗಾಗುತ್ತದೆ. ಪುಟ್ಟಿ ಇನ್ನೂ ಕರ್ಟನ್ ಹಿಂದೆಯೇ ಇದ್ದಾಳೆ.

(ಐದು ನಿಮಿಷ ಯಾರದ್ದೂ ಸದ್ದಿಲ್ಲ.)

ಅಮ್ಮ: ಈ ಸಂದೇಶವನ್ನು ಅಳಿಸಲಾಗಿದೆ.

ಅಮ್ಮ: ತೆಗೆದೆ. ಅವಳ ಹಳದಿ ಚಡ್ಡಿ ಎಲ್ಲಿಟ್ಟಿದ್ದೀಯ? ಬೇರೆ ಹಾಕಿಕೊಳ್ಳುವುದಿಲ್ಲವಂತೆ.

ನಾನು: ಬಾಲ್ಕನಿಯಲ್ಲಿ, ಹಗ್ಗದ ಮೇಲೆ.

ದೊಡ್ಡಪ್ಪ: ಈಗ ನೆಟ್‌ವರ್ಕ್ ಬಂತು. ಏನು ಅಳಿಸಿದ್ದು? ಯಾರಿಗೆ ಹೊಟ್ಟೆ ಕೆಟ್ಟಿದೆ? ಓಮದ ನೀರು ಕೊಡಿ.