ಪದ ಬೇಕು (ತುರ್ತು): ಸ್ವಿಸ್ ‘ಗೆಮೈಂಡೆ’, ‘ವೈಲರ್’

ಎಲ್ಲರಿಗೂ ನಮಸ್ಕಾರ. ಸ್ವಿಟ್ಜರ್ಲೆಂಡ್ ಪ್ರವಾಸದ ಕೈಪಿಡಿಯೊಂದನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು, ಎರಡು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ. ಬರ್ನ್ ಕ್ಯಾಂಟನ್ನಿನ (ನಮ್ಮ ರಾಜ್ಯ ಇದ್ದ ಹಾಗೆ) ಲೌಟರ್‌ಬ್ರುನ್ನೆನ್ ಒಂದು ಗೆಮೈಂಡೆ. ಕಣಿವೆಯ ತಳದಲ್ಲಿ ಅದೇ ಹೆಸರಿನ ಊರು, ಮೇಲೆ ವೆಂಗೆನ್, ಮ್ಯೂರೆನ್, ಗಿಮ್ಮೆಲ್‌ವಾಲ್ಡ್, ಎಲ್ಲ ಸೇರಿ ಒಂದೇ ಆಡಳಿತ. ನಾನು ಗೆಮೈಂಡೆಗೆ ‘ಗ್ರಾಮ ಪಂಚಾಯತಿ’, ಸಣ್ಣ ಹಳ್ಳಿಗಳಿಗೆ (ಅವರು ವೈಲರ್ ಅನ್ನುತ್ತಾರೆ) ‘ಕುಗ್ರಾಮ’ ಅಂತ ಹಾಕಿದ್ದೆ. ಕರಡು ತಿದ್ದುವವರು ಎರಡನ್ನೂ ಹೊಡೆದುಹಾಕಿ, ಕುಗ್ರಾಮ ಅಂದ್ರೆ ಬೈದ ಹಾಗೆ ಅಲ್ವಾ ಅಂದರು. ಬೇರೇನಾದರೂ ಇದೆಯಾ?

ಮರು:
ಪಂಚಾಯತಿಯೂ ಬೇಡ, ಗ್ರಾಮವೂ ಬೇಡ, ಎರಡೂ ಸಂಸ್ಕೃತದ ಕೃಪೆ. ಗೆಮೈಂಡೆಗೆ ‘ಊರೊಕ್ಕೂಟ’. ವೈಲರ್‌ಗೆ ‘ಕೊಪ್ಪಲು’. ಮಂಡ್ಯ, ಮೈಸೂರು ಕಡೆ ಎಷ್ಟು ಕೊಪ್ಪಲುಗಳಿವೆ ಲೆಕ್ಕ ಹಾಕಿ. ಅಚ್ಚಗನ್ನಡ ಕೈಯಲ್ಲಿರುವಾಗ ಹುಡುಕಾಟ ಯಾಕೆ?

ಮರು:
ಊರೊಕ್ಕೂಟ ಆಗುವುದಿಲ್ಲ. ಕೈಪಿಡಿಯ ಮೊದಲ ಪುಟದಲ್ಲೇ ‘ಸ್ವಿಸ್ ಒಕ್ಕೂಟ’ ಅಂತ ಬಂದಿರುತ್ತದೆ, 26 ಕ್ಯಾಂಟನ್ ಸೇರಿದ್ದೂ ಒಕ್ಕೂಟ, ನಾಲ್ಕು ಹಳ್ಳಿ ಸೇರಿದ್ದೂ ಒಕ್ಕೂಟ ಅಂದರೆ ಓದುವವರ ಗತಿ?

ಪಂಚಾಯತಿ ಬೇಡ ಅನ್ನುವುದನ್ನು ನಾನೂ ಒಪ್ಪುತ್ತೇನೆ, ಆದರೆ ಕಾರಣ ಸಂಸ್ಕೃತ ಅಲ್ಲ. ಜ್ಯೂರಿಕ್ ನಗರವೂ ಒಂದು ಗೆಮೈಂಡೆಯೇ. ಟಿಚಿನೋ ಕ್ಯಾಂಟನ್ನಿನ ಕೊರಿಪ್ಪೊ ಹಳ್ಳಿಯಲ್ಲಿ ಕೊನೆಗೆ ಒಂದು ಡಜನ್ ಜನವೂ ಇದ್ದಂತಿಲ್ಲ, ಅದೂ 2020ರಲ್ಲಿ ವೆರ್ಜಾಸ್ಕಾ ಗೆಮೈಂಡೆಯೊಳಗೆ ಸೇರಿಹೋಗುವವರೆಗೆ ಅಂಥದ್ದೇ ಒಂದು. ಎರಡಕ್ಕೂ ಹೊಂದುವ ‘ಗ್ರಾಮ’ ಎಲ್ಲಿದೆ? ಮತ್ತೆ ಅಲ್ಲಿ ಗೆಮೈಂಡೆ ತನ್ನ ಪಾಲಿನ ಆದಾಯ ತೆರಿಗೆ ಹಾಕುತ್ತದೆ. ಸಣ್ಣ ಕಡೆಗಳಲ್ಲಿ ಮತದಾರರೇ ಸಭೆ ಸೇರಿ ಕೈಯೆತ್ತಿ ಬಜೆಟ್ ಒಪ್ಪುತ್ತಾರೆ. ಪೌರತ್ವ ಕೂಡ ಅಲ್ಲಿಂದಲೇ ಶುರು: ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಇರುವುದಿಲ್ಲ, ಮೂಲದ ಗೆಮೈಂಡೆಯ ಹೆಸರಿರುತ್ತದೆ, ಅದನ್ನು ಹೊತ್ತವರು ಆ ಊರನ್ನು ಕಣ್ಣಲ್ಲೂ ನೋಡಿರದೆ ಇರಬಹುದು. ನಮ್ಮ ಪಂಚಾಯತಿಗೆ ಇದನ್ನೆಲ್ಲ ಹೊರಿಸಬೇಡಿ. ಪುರಸಭೆ ಅಂದರೂ ಪಟ್ಟಣವೇ ಕಣ್ಣಿಗೆ ಬರುತ್ತದೆ. ಗೆಮೈಂಡೆ ಅಂತಲೇ ಇಟ್ಟು, ಮೊದಲ ಸಲ ಬಂದಾಗ ‘ಸ್ಥಳೀಯ ಆಡಳಿತ’ ಅಂತ ಪಕ್ಕದಲ್ಲಿ ಹೇಳಿಬಿಡಿ, ಸಾಕು.

ವೈಲರ್‌ಗೆ ‘ಮಜರೆ’. ತಾಲ್ಲೂಕು ಕಚೇರಿಗೆ ಒಮ್ಮೆ ಹೋದವರಿಗೂ ಗೊತ್ತಿರುವ ಪದ, ದೊಡ್ಡ ಊರಿನ ಲೆಕ್ಕಕ್ಕೆ ಸೇರಿದ ಸಣ್ಣ ವಸತಿ. ಬೈಗುಳವೂ ಅಲ್ಲ.

ಮರು:
ಮಜರೆ ಅರಬ್ಬಿ. ಕನ್ನಡದ ಕೊಪ್ಪಲು ಹೊರಗೆ, ಅರಬ್ಬಿಗೆ ಮಣೆ. ಚೆನ್ನಾಗಿದೆ.

ಮರು:
ಹೌದು ಸ್ವಾಮಿ, ಅರಬ್ಬಿ. ‘ಮಜ್ರಆ’ ಅಂದರೆ ಬಿತ್ತುವ ಹೊಲ, ಪಾರಸಿ ದಾರಿಯಾಗಿ ಬಂತು. ವೈಲರ್ ಏನು ಅಚ್ಚ ಜರ್ಮನ್ನಾ? ಲ್ಯಾಟಿನ್ನಿನ ‘ವಿಲ್ಲಾ’ದಿಂದ ಬಂದದ್ದು, ಅದೂ ಮೊದಲು ಹೊಲಮನೆಯೇ. ರಾಪರ್ಸ್‌ವಿಲ್ ಥರದ ಸ್ವಿಸ್ ಊರ ಹೆಸರುಗಳ ಕೊನೆಯ ‘ವಿಲ್’ ಕೂಡ ಅದೇ. ಅಲ್ಲಿಯವರು ಸಾಲದ ಪದವನ್ನು ಊರ ಹೆಸರಿಗೇ ಅಂಟಿಸಿಕೊಂಡು ಆರಾಮಾಗಿದ್ದಾರೆ. ನೀವು ಜಿಲ್ಲೆ, ತಾಲ್ಲೂಕು, ತಹಸೀಲ್ದಾರ ಮೂರನ್ನೂ ಬಿಟ್ಟು ಒಂದು ಅರ್ಜಿ ಬರೆದು ತೋರಿಸಿ (ಅರ್ಜಿಯೂ ಅರಬ್ಬಿಯೇ), ಆಮೇಲೆ ಕೊಪ್ಪಲಿನ ಮಾತು. ಅದು ಈಗ ಊರ ಹೆಸರಿನ ಬಾಲವಾಗಿ ಉಳಿದಿದೆ, ‘ಒಂದು ಕೊಪ್ಪಲಿಗೆ ಹೋಗಿದ್ದೆ’ ಅಂತ ಯಾರೂ ಹೇಳುವುದಿಲ್ಲ.

ಮರು:
ನಮ್ಮ ಊರಲ್ಲಿ ಹೇಳುತ್ತಾರೆ. ನಿಮಗೆ ಕೇಳಿಸದಿದ್ದರೆ ಕನ್ನಡದ ತಪ್ಪಲ್ಲ.

ಮರು:
ಇಬ್ಬರಿಗೂ ಧನ್ಯವಾದ. ಗೆಮೈಂಡೆ ಹಾಗೇ ಇರಲಿ. ಗಿಮ್ಮೆಲ್‌ವಾಲ್ಡ್‌ಗೆ ಮಜರೆ ಹಾಕುತ್ತೇನೆ. ಹೋಟೆಲು, ರೈಲು ನಿಲ್ದಾಣ ಎಲ್ಲ ಇರುವ ವೆಂಗೆನ್, ಮ್ಯೂರೆನ್‌ಗಳನ್ನು ಸುಮ್ನೆ ‘ಊರು’ ಅಂದುಬಿಡುತ್ತೇನೆ. ಕ್ಯಾಂಟನ್ನಿಗೆ ಪದ ಕೇಳುವುದಿಲ್ಲ.