ಮೈಲುತುತ್ತದ ಲೆಕ್ಕ: 159.5 ಸರಿಯೋ, 249.5 ಸರಿಯೋ?

ಪ್ರಶ್ನೆ (ಪಿಯು ವಿದ್ಯಾರ್ಥಿನಿ, ಚನ್ನಗಿರಿ): ನಮಸ್ಕಾರ ಮೇಡಂ. 250 ಮಿಲಿಲೀಟರ್ 0.1 ಮೋಲಾರ್ (ಲೀಟರಿಗೆ 0.1 ಮೋಲ್) ತಾಮ್ರದ ಸಲ್ಫೇಟ್, ಅಂದರೆ ಮೈಲುತುತ್ತದ ದ್ರಾವಣಕ್ಕೆ ಎಷ್ಟು ಗ್ರಾಂ ತೂಗಬೇಕು? ಪರಮಾಣು ತೂಕ ಕೂಡಿದರೆ ತಾಮ್ರ 63.5, ಗಂಧಕ 32, ನಾಲ್ಕು ಆಮ್ಲಜನಕಕ್ಕೆ 64, ಒಟ್ಟು 159.5. ಹಾಗಾಗಿ 3.99 ಗ್ರಾಂ ಎಂದು ಬರೆದೆ. ಗೆಳತಿಗೆ 6.24 ಗ್ರಾಂ ಬಂದಿದೆ. ಯಾರದು ಸರಿ?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕಿ, ದಾವಣಗೆರೆ): ನಿನ್ನ ಕೂಡಿಕೆಯಲ್ಲಿ ತಪ್ಪಿಲ್ಲಮ್ಮ. ಆದರೆ ಲೆಕ್ಕಕ್ಕೆ ಕೂರುವ ಮುನ್ನ ಸೀಸೆಯ ಚೀಟಿ ಓದು. ಒಳಗಿರುವುದು ನೀಲಿ ಹರಳಾದರೆ ಗೆಳತಿಯದೇ ಸರಿ. ಆ ಹರಳಿನಲ್ಲಿ ಪ್ರತಿ ತಾಮ್ರದ ಸಲ್ಫೇಟಿನ ಜೊತೆ ಐದು ನೀರಿನ ಅಣುಗಳಿರುತ್ತವೆ. ಸೂತ್ರದ (CuSO₄·5H₂O) ನಡುವೆ ಇರುವ ಚುಕ್ಕೆಯನ್ನು ಹಲವರು ಗುಣಾಕಾರದ ಗುರುತೆಂದು ತಿಳಿಯುತ್ತಾರೆ, ಅಲ್ಲ, ಕೂಡಬೇಕು. ನೀರಿನ ಒಂದು ಅಣುವಿಗೆ 18, ಐದು ಹದಿನೆಂಟಲ ತೊಂಬತ್ತು, 159.5ಕ್ಕೆ ಸೇರಿಸಿದರೆ 249.5. ಇಷ್ಟು ಗ್ರಾಂ ಹರಳು ಒಂದು ಮೋಲ್. ನಿನಗೆ ಬೇಕಾದದ್ದು 0.025 ಮೋಲ್, ಅಂದರೆ 6.24 ಗ್ರಾಂ.

ನೀಲಿ ಹರಳನ್ನೇ 3.99 ಗ್ರಾಂ ತೂಗಿದ್ದರೆ ದ್ರಾವಣ 0.064 ಮೋಲಾರ್ ಮಾತ್ರ ಆಗುತ್ತಿತ್ತು. ಹರಳಿನ ತೂಕದಲ್ಲಿ ಶೇ 36ರಷ್ಟು ನೀರೇ ಇದೆ. ಪ್ರನಾಳದಲ್ಲಿ ಒಂದು ಹರಳನ್ನು ಕಾಯಿಸಿ ನೋಡು: ನೀಲಿ ಬಣ್ಣ ಹೋಗಿ ಬಿಳಿ ಪುಡಿಯಾಗುತ್ತದೆ, ಪ್ರನಾಳದ ಬಾಯಿಯ ಬಳಿ ಹನಿ ಕಟ್ಟುತ್ತದೆ. ತಣಿದ ಮೇಲೆ ಒಂದು ತೊಟ್ಟು ನೀರು ಬಿಟ್ಟರೆ ಮತ್ತೆ ನೀಲಿ. ಆ ಬಿಳಿ ಪುಡಿಗೆ ಮಾತ್ರ ನಿನ್ನ 159.5 ಒಪ್ಪುತ್ತದೆ.

ಇನ್ನೊಂದು ಮಾತು. 250 ಮಿಲಿಲೀಟರ್ ನೀರು ಅಳೆದು ಹರಳಿನ ಮೇಲೆ ಸುರಿಯಬೇಡ. ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ಫ್ಲಾಸ್ಕಿನ ಗೆರೆಯವರೆಗೆ ತುಂಬಿಸು.

ಪ್ರಶ್ನೆ (ಅಡಿಕೆ ಬೆಳೆಗಾರ, ಹೊಳಲ್ಕೆರೆ): ಮೇಡಂ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನಾವು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕುತ್ತೇವೆ. ತೂಕ ಒಂದೇ ಆದರೆ ಮೋಲ್ ಕೂಡ ಒಂದೇ ತಾನೇ?

ಉತ್ತರ: ಇಲ್ಲ ಸರ್. ಮೋಲ್ ಎಂದರೆ ಕಣಗಳ ಎಣಿಕೆ, 6.022 × 10²³ ಕಣಗಳಿಗೆ ಒಂದು ಮೋಲ್. ಒಂದು ಕಿಲೋ ಮೈಲುತುತ್ತ ಸುಮಾರು 4 ಮೋಲ್. ಸುಟ್ಟ ಸುಣ್ಣದ್ದು ಕ್ಯಾಲ್ಸಿಯಂನ 40ಕ್ಕೆ ಆಮ್ಲಜನಕದ 16 ಸೇರಿ 56. ಒಂದು ಕಿಲೋಗೆ ಸುಮಾರು 18 ಮೋಲ್. ಸುಣ್ಣ ನಾಲ್ಕು ಪಟ್ಟಿಗೂ ಹೆಚ್ಚು! ಮೈಲುತುತ್ತದ ಹುಳಿಯನ್ನು ಮುರಿಯಲು ಅದು ಧಾರಾಳವಾಗಿ ಸಾಕು, ಸುಣ್ಣ ಹೊಸದಾಗಿದ್ದರೆ. ಗಾಳಿಗೆ ಬಿದ್ದು ಹಳೆಯದಾದ ಸುಣ್ಣ ಕಾರ್ಬೊನೇಟ್ ಆಗಿರುತ್ತದೆ, ಅಲ್ಲಿ ಈ ಲೆಕ್ಕ ನಡೆಯದು. ಉಜ್ಜಿ ಹೊಳಪಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ. ಅಲಗಿನ ಮೇಲೆ ಕೆಂಗಂದು ತಾಮ್ರ ಕೂತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಮತ್ತೆ ಅದ್ದಿ ನೋಡಿ. ಚಾಕು ಬಣ್ಣ ತಿರುಗದಿದ್ದರೆ ಮಾತ್ರ ಗೊನೆಗೆ ಹೊಡೆಯಿರಿ.