ಕಣದ ತುಂಬ ಕಾಫಿ ಇರುವ ಮನೆಗೆ ಎಸ್ಪ್ರೆಸೊ ಯಂತ್ರ: ಖರ್ಚನ್ನು ಹೇಗೆ ಒಪ್ಪಿಸಿದಿರಿ?

ಪ್ರಶ್ನೆ, ಪೊನ್ನಂಪೇಟೆ ಕಡೆಯಿಂದ:

ನಮ್ಮದು ಎಂಟು ಎಕರೆ ರೊಬಸ್ಟಾ ತೋಟ. ಬೆಳಿಗ್ಗೆ ಬೆಲ್ಲದ ಕರಿಕಾಫಿ, ಸಂಜೆ ಫಿಲ್ಟರ್ ಕಾಫಿ ಎಂಬುದು ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದುಬಂದ ಕ್ರಮ. ಬೆಂಗಳೂರಿನ ಕೆಫೆಯೊಂದರಲ್ಲಿ ಎಸ್ಪ್ರೆಸೊ (ಬಿಸಿನೀರನ್ನು ಒತ್ತಡದಿಂದ ಪುಡಿಯ ಮೂಲಕ ಹಾಯಿಸಿ ಇಳಿಸುವ ಗಟ್ಟಿ ಕಾಫಿ) ಕುಡಿದು ಬಂದಂದಿನಿಂದ ಆ ರುಚಿ ಮನೆಯಲ್ಲೂ ಸಿಗಬೇಕೆಂಬ ಆಸೆ ಹತ್ತಿದೆ. ಯಂತ್ರ, ಗ್ರೈಂಡರ್ ಸೇರಿದರೆ ಎಪ್ಪತ್ತು ಸಾವಿರ ದಾಟುತ್ತದೆ. “ಕಣದ ತುಂಬ ಕಾಫಿ ಹರವಿಕೊಂಡು ಕಾಫಿ ಕುಡಿಯಲು ಎಪ್ಪತ್ತು ಸಾವಿರ ಬೇಕೇ?” ಎಂದು ಪತ್ನಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೊಂಡವರು ಈ ಖರ್ಚನ್ನು ಮೊದಲು ತಮಗೆ, ಆಮೇಲೆ ಮನೆಯವರಿಗೆ ಹೇಗೆ ಒಪ್ಪಿಸಿದಿರೆಂದು ತಿಳಿಸುವಿರಾ?

ಸಿದ್ದಾಪುರದ ಬೆಳೆಗಾರರೊಬ್ಬರ ಉತ್ತರ:

ಮೂರು ವರ್ಷಗಳ ಹಿಂದೆ ನಾನು ಹಿಡಿದ ದಾರಿಯನ್ನು ನೀವು ಹಿಡಿಯಬೇಡಿ. ಕೆಫೆಯಲ್ಲಿ ಕಪ್ಪಿಗೆ ಇನ್ನೂರು ರೂಪಾಯಿ, ಮನೆಯಲ್ಲಾದರೆ ಇಪ್ಪತ್ತು, ಆದ್ದರಿಂದ ಎರಡೇ ವರ್ಷದಲ್ಲಿ ಹಾಕಿದ ಹಣ ಹುಟ್ಟುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ನನ್ನಾಕೆ ಅದನ್ನು ಪೂರ್ತಿ ಓದಿ, “ಕಳೆದ ವರ್ಷ ನೀವು ಎಷ್ಟು ಸಲ ಕೆಫೆಗೆ ಹೋಗಿದ್ದೀರಿ?” ಎಂದಷ್ಟೇ ಕೇಳಿದಳು. ನಾಲ್ಕು ಸಲ ಹೋಗಿದ್ದೆ, ಅದರಲ್ಲಿ ಎರಡು ಸಲ ನೆಂಟರೇ ದುಡ್ಡು ಕೊಟ್ಟಿದ್ದರು. ದಿನವೂ ಹೊರಗೆ ಕಾಫಿಗೆ ಹಣ ತೆರುವ ಪಟ್ಟಣದವರಿಗೆ ಆ ಲೆಕ್ಕ ಸರಿಯಾದೀತು. ಕಾಫಿಗೆ ಹಣವನ್ನೇ ಕೊಡದ ನಮ್ಮಂಥ ಮನೆಗಳಲ್ಲಿ ಉಳಿತಾಯ ಎಂಬ ಮಾತು ಎದ್ದರೆ ಎದುರಿಗಿರುವವರಿಗೆ ನಗು ಬರುತ್ತದೆ.

ನಿಜವಾದ ಲೆಕ್ಕ ಹೀಗಿತ್ತು. ಯಂತ್ರಕ್ಕೆ 42,000, ಗ್ರೈಂಡರಿಗೆ 24,000, ಪುಡಿಯನ್ನು ಒತ್ತಿ ಕೂರಿಸುವ ಟ್ಯಾಂಪರ್, ಸಣ್ಣ ತಕ್ಕಡಿ, ಹಾಲಿನ ಜಗ್ಗು ಎಂದು 6,500, ಸ್ಟೆಬಿಲೈಸರಿಗೆ 2,800. ಒಟ್ಟು 75,300 ರೂಪಾಯಿ. ದಿನಕ್ಕೆ ಎರಡು ಕಪ್ಪಿನಂತೆ ಐದು ವರ್ಷ ಬಾಳಿದರೆ ಕಪ್ಪಿಗೆ ಇಪ್ಪತ್ತು ರೂಪಾಯಿ ಚಿಲ್ಲರೆ ಬೀಳುತ್ತದೆ, ಅದೂ ಬೀಜದ ಬೆಲೆ ಬಿಟ್ಟು. ಒಂದು ಡಬಲ್ ಎಸ್ಪ್ರೆಸೊಗೆ ಸುಮಾರು 18 ಗ್ರಾಂ ಪುಡಿ ಬೇಕು; ಅದರಿಂದ 25–30 ಸೆಕೆಂಡಿನಲ್ಲಿ ಇಳಿಯುವುದು 36 ಗ್ರಾಂ ಕಾಫಿ ಮಾತ್ರ. ಹೀಗೆ ವರ್ಷಕ್ಕೆ 13 ಕೆ.ಜಿ. ಹುರಿದ ಬೀಜ ಖರ್ಚಾಗುತ್ತದೆ. ಹುರಿಯುವಾಗ ತೂಕ ಕಳೆಯುವುದರಿಂದ ಅದಕ್ಕೆ 16 ಕೆ.ಜಿ. ಹಸಿ ಬೀಜ, ಅಂದರೆ 50 ಕೆ.ಜಿ.ಯ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು) ಚೀಲದಲ್ಲಿ ಅರ್ಧಕ್ಕಿಂತ ಹೆಚ್ಚೇ ಬೇಕಾಗುತ್ತದೆ; ಸಿಪ್ಪೆ ತೆಗೆದರೆ ಉಳಿಯುವ ಬೀಜ ಸುಮಾರು ಅರ್ಧದಷ್ಟೇ. ಮನೆಯ ಬೀಜ ಪುಕ್ಕಟೆ ಎಂದು ನಾನು ಹೇಳಿದ್ದಕ್ಕೆ, “ಆ ಅರ್ಧ ಚೀಲವನ್ನು ವ್ಯಾಪಾರಿಯೂ ಪುಕ್ಕಟೆ ಒಯ್ಯುತ್ತಾನೋ?” ಎಂದಳು. ಮೊದಲ ತಿಂಗಳು ಹದ ಸಿಗದೆ ಒಂದೂವರೆ ಕೆ.ಜಿ.ಯಷ್ಟು ಪುಡಿ ನೇರವಾಗಿ ಗೊಬ್ಬರದ ಗುಂಡಿಗೆ ಹೋದದ್ದನ್ನೂ ಆಕೆ ಬರೆದಿಟ್ಟಿದ್ದಾಳೆ.

ಕೊನೆಗೆ ಆಕೆಯನ್ನು ಒಪ್ಪಿಸಿದ್ದು ಲೆಕ್ಕವಲ್ಲ. ನಮ್ಮಲ್ಲಿ ಕಣದ ಉಸ್ತುವಾರಿ ಆಕೆಯದು. ಆ ವರ್ಷ ಫೆಬ್ರವರಿಯಲ್ಲಿ ಹಠಾತ್ತನೆ ಮಳೆ ಬಂದು, ಒಂದು ರಾಶಿ ಚೆರಿ ಟಾರ್ಪಾಲಿನ ಕೆಳಗೆ ಎರಡು ದಿನ ಬೆವರಿತ್ತು. ಅದೇ ರಾಶಿಯ ಬೀಜವನ್ನು ಹುರಿದು ಫಿಲ್ಟರಿಗೆ ಹಾಕಿದಾಗ ಚಿಕೋರಿ, ಹಾಲು, ಸಕ್ಕರೆಯ ನಡುವೆ ಏನೂ ತಿಳಿಯಲಿಲ್ಲ. ಎಸ್ಪ್ರೆಸೊದಲ್ಲಿ ಮುಗ್ಗುವಾಸನೆ ಮೊದಲ ಗುಟುಕಿಗೇ ಮೂಗಿಗೆ ಬಡಿಯಿತು. ಆಕೆ ಕಪ್ಪನ್ನು ಕೆಳಗಿಟ್ಟು, “ಇದು ಆ ಟಾರ್ಪಾಲಿನ ರಾಶಿ” ಎಂದಳು. ಮರುವರ್ಷ ಹಣ್ಣನ್ನಷ್ಟೇ ಆರಿಸಿ ಕೊಯ್ಯಿಸಿ, ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕಿ ತೊಳೆದು, ನಾಲ್ಕು ಚೀಲದಷ್ಟನ್ನು ಬಲೆಯ ಮಂಚದ ಮೇಲೆ ಬೇರೆಯಾಗಿಯೇ ಒಣಗಿಸಿದವಳೂ ಆಕೆಯೇ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ, ಎಸ್ಪ್ರೆಸೊದ ಮೇಲಿನ ದಪ್ಪ ನೊರೆಗಾಗಿ ಅಲ್ಲಿನವರು ರೊಬಸ್ಟಾ ಬೆರೆಸುತ್ತಾರೆ ಎಂದು ನಾವು ಮೊದಲಿನಿಂದ ಕೇಳುತ್ತ ಬಂದಿದ್ದರೂ, ನಮ್ಮ ಬೆಳೆ ಅವರ ಬಟ್ಟಲಲ್ಲಿ ಹೇಗಿರುತ್ತದೆಂದು ಅದುವರೆಗೆ ಕುಡಿದು ನೋಡಿರಲಿಲ್ಲ. ನೀವೂ ರೊಬಸ್ಟಾ ಬೆಳೆಯುವವರು. ಯಂತ್ರವಿರುವ ಯಾರದಾದರೂ ಮನೆಗೆ ನಿಮ್ಮ ಬೀಜವನ್ನೇ ಒಯ್ದು, ಇಬ್ಬರೂ ಕುಳಿತು ಕುಡಿದ ಮೇಲೆ ಹಣದ ಮಾತು ಎತ್ತಿರಿ.

ಸೋಮವಾರಪೇಟೆಯ ಗೃಹಿಣಿಯೊಬ್ಬರ ಉತ್ತರ:

ನಾನು ನಿಮ್ಮ ಪತ್ನಿಯ ಪಕ್ಷದವಳು. ನಮ್ಮ ಮನೆಯಲ್ಲಿ ಜಗಳವಾದದ್ದು ಹಣ ಹೋಯಿತೆಂದಲ್ಲ, ಹಣವನ್ನು ಕಂತುಕಂತಾಗಿ ಹೇಳಿದರೆಂದು. ಮೊದಲು ಯಂತ್ರವೊಂದೇ ಸಾಕೆಂದರು. ಅಂಗಡಿಯ ಫಿಲ್ಟರ್ ಪುಡಿಯನ್ನು ಹಾಕಿದರೆ ನೀರು ಹತ್ತೇ ಸೆಕೆಂಡಿನಲ್ಲಿ ಸುರಿದುಹೋಗುತ್ತಿತ್ತು. ಆಗ, ಪುಡಿ ಇನ್ನೂ ನುಣ್ಣಗಿರಬೇಕು, ಚಿಕೋರಿ ಇರಕೂಡದು, ಆದ್ದರಿಂದ ಗ್ರೈಂಡರ್ ಬೇಕೇ ಬೇಕೆಂದರು. ಅದು ಬಂದ ಮೇಲೆ ತಕ್ಕಡಿ ಬಂತು. ಮೊದಲ ದಿನವೇ ಒಟ್ಟು ಮೊತ್ತ ತಿಳಿದಿದ್ದರೆ ನಾನು ಹುತ್ತರಿ ಹಬ್ಬ ಕಳೆಯಲಿ ಎನ್ನುತ್ತಿದ್ದೆನೇ ಹೊರತು ಬೇಡ ಎನ್ನುತ್ತಿರಲಿಲ್ಲ.

ಎರಡನೆಯ ಮಾತು ಅಡುಗೆಮನೆಯ ಜಾಗದ್ದು. ಯಂತ್ರ ಎಲ್ಲಿ ಕೂರುತ್ತದೆ, ಚೆಲ್ಲಿದ ಪುಡಿಯನ್ನು ಯಾರು ಒರೆಸುತ್ತಾರೆ ಎಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿರಿ. ನನ್ನ ಹಿತ್ತಾಳೆ ಫಿಲ್ಟರನ್ನು ಅದರ ಜಾಗದಿಂದ ಕದಲಿಸಕೂಡದೆಂದು ನಾನು ಷರತ್ತು ಹಾಕಿದ್ದೆ. ಈಗ ಅವರ ಯಂತ್ರ ಊಟದ ಕೋಣೆಯ ಕಿಟಕಿಯ ಬಳಿ ಇದೆ. ಭಾನುವಾರ ನಮ್ಮ ಅರೇಬಿಕಾದಲ್ಲಿ ಅವರು ಮಾಡಿಕೊಡುವ ಹಾಲಿನ ಕಾಫಿಯನ್ನು ನಾನೂ ಕುಡಿಯುತ್ತೇನೆ, ಚೆನ್ನಾಗಿಯೇ ಇರುತ್ತದೆ.

ಮಡಿಕೇರಿಯಲ್ಲಿ ಬಾಡಿಗೆ ಮನೆಯಲ್ಲಿರುವ ನೌಕರರೊಬ್ಬರ ಉತ್ತರ:

ಮಳೆಗಾಲದ ಕರೆಂಟನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಜುಲೈಯಲ್ಲಿ ತಂತಿಯ ಮೇಲೆ ಮರ ಬಿದ್ದರೆ ಮೂರು ದಿನ ಕತ್ತಲೆ. 1,400 ವ್ಯಾಟ್ ಎಳೆಯುವ ಯಂತ್ರವನ್ನು ಮನೆಯ ಸಾಧಾರಣ ಇನ್ವರ್ಟರ್ ಹೊರುವುದಿಲ್ಲ. ನನ್ನ ಮೊದಲ ಯಂತ್ರದ ಬೋರ್ಡು ವೋಲ್ಟೇಜ್ ಏರಿಳಿತಕ್ಕೆ ಸುಟ್ಟುಹೋಗಿ, ಮಾರಿದವರು ಅದು ವಾರಂಟಿಗೆ ಬರುವುದಿಲ್ಲವೆಂದು ಕೈತೊಳೆದುಕೊಂಡ ಮೇಲೆ, ಸನ್ನೆಯನ್ನು ಕೈಯಿಂದಲೇ ಒತ್ತುವ ಲಿವರ್ ಯಂತ್ರಕ್ಕೆ ಬಂದೆ. ಗ್ಯಾಸಿನ ಮೇಲೆ ನೀರು ಕಾಯಿಸಿಕೊಂಡರಾಯಿತು. ಎಸ್ಪ್ರೆಸೊಗೆ ಬೇಕಾದ 9 ಬಾರ್ ಒತ್ತಡ ತೋಳಿನಿಂದಲೇ ಬರುತ್ತದೆ, ಬೆಲೆಯೂ ಅರ್ಧಕ್ಕಿಂತ ಕಡಿಮೆ. ಒಂದಾದ ಮೇಲೊಂದರಂತೆ ನಾಲ್ಕು ಜನರಿಗೆ ಮಾಡಿಕೊಡುವಾಗ ಬೇಸರ ಬರುವುದು ನಿಜ.

ಅದಕ್ಕೂ ಮೊದಲು ಆರು ತಿಂಗಳು, ಒಲೆಯ ಮೇಲಿಟ್ಟು ಹಬೆಯ ಒತ್ತಡದಿಂದ ಕಾಫಿ ಇಳಿಸುವ ಮೋಕಾ ಪಾಟ್ ಬಳಸಿದೆ. ಅದರ ಒತ್ತಡ ಒಂದೆರಡು ಬಾರ್ ಮಾತ್ರವಾದ್ದರಿಂದ ಅದನ್ನು ಎಸ್ಪ್ರೆಸೊ ಎನ್ನಲಾಗದು. ಆದರೆ ದಿನವೂ ಬೀಜ ಅರೆದು, ಪಾತ್ರೆ ತೊಳೆದಿಡುವ ತಾಳ್ಮೆ ನನಗಿದೆಯೇ ಎಂಬುದು ನನಗೂ ಮನೆಯವರಿಗೂ ಅದರಿಂದ ಗೊತ್ತಾಯಿತು.

ಪ್ರಶ್ನೆ ಕೇಳಿದವರ ಮರುಮಾತು:

ಎಲ್ಲರಿಗೂ ಕೃತಜ್ಞತೆಗಳು. ಸ್ಟೆಬಿಲೈಸರಿನವರೆಗೆ ಪೂರ್ತಿ ಮೊತ್ತ ಬರೆದು ನಿನ್ನೆ ಪತ್ನಿಯ ಮುಂದಿಟ್ಟೆ. ಆಕೆ ಯಂತ್ರದ ಸಾಲಿನ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ “ಚೆರಿ ಮಾರಿದ ಮೇಲೆ” ಎಂದು ಬರೆದಿದ್ದಾಳೆ. ಗ್ರೈಂಡರಿಗೂ ಮೋಕಾ ಪಾಟಿಗೂ ಒಪ್ಪಿಗೆ ಸಿಕ್ಕಿದೆ. ಸಿದ್ದಾಪುರದವರಲ್ಲಿ ಒಂದು ಕೋರಿಕೆ: ಮುಂದಿನ ಶುಕ್ರವಾರ ಅರ್ಧ ಕೆ.ಜಿ. ಬೀಜ ಹುರಿದುಕೊಂಡು ನಾವಿಬ್ಬರೂ ನಿಮ್ಮಲ್ಲಿಗೆ ಬರಬಹುದೇ?